ಫ್ಲವರಿಂಗ್ ಕ್ವಿನ್ಸ್: ನಾಲ್ಕು ತಳಿ ಬೆಳೆಸಿದ ಮೇಲೆ ನನ್ನ ಮಾತು

ಮೊದಲೇ ಹೇಳಿಬಿಡುತ್ತೇನೆ. ಫ್ಲವರಿಂಗ್ ಕ್ವಿನ್ಸ್ ಕೊಳ್ಳುವುದಾದರೆ ಎರಡು ಗಿಡ ಕೊಳ್ಳಿ, ಎರಡೂ ಬೇರೆ ಬೇರೆ ತಳಿ ಇರಲಿ, ಎರಡನ್ನೂ ಹೂವಿದ್ದಾಗಲೇ ನೋಡಿ ಆರಿಸಿ. ಮೂರನೆಯದಕ್ಕೆ ದುಡ್ಡು ಕೊಡಬೇಡಿ. ಅದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಆರು ವರ್ಷದಲ್ಲಿ ನಾಲ್ಕು ತಳಿ ಬೆಳೆಸಿ, ಒಂದನ್ನು ಜಾಗ ಬದಲಾಯಿಸಿ, ಇನ್ನೊಂದನ್ನು ತಪ್ಪು ಹೊತ್ತಿನಲ್ಲಿ ಸವರಿ ಒಂದಿಡೀ ವರ್ಷದ ಹೂವು ಕಳೆದುಕೊಂಡ ಮೇಲೆ ಹೇಳುತ್ತಿರುವ ಮಾತು ಇದು.

ಈ ಗಿಡ ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ಇದು ಗುಲಾಬಿ ಕುಟುಂಬದ ಪೊದೆ. ಸೇಬು, ಮರಸೇಬಿಗೆ ಹತ್ತಿರದ ನೆಂಟ. ಚಳಿಗಾಲ ಮುಗಿಯುತ್ತಾ ಬರುವಾಗ, ಇನ್ನೂ ಒಂದು ಎಲೆಯೂ ಬಂದಿರುವುದಿಲ್ಲ, ಸತ್ತ ಕಡ್ಡಿಯ ಹಾಗೆ ಕಾಣುವ ಟೊಂಗೆಯ ಮೈಗೇ ಅಂಟಿಕೊಂಡು ಹೂವು ಅರಳುತ್ತವೆ. ಕೆಂಪು, ಕಿತ್ತಳೆ, ತಿಳಿಗುಲಾಬಿ, ಬಿಳಿ, ಈ ಎಲ್ಲ ಬಣ್ಣವೂ ಇದೆ. ಸಾಮಾನ್ಯ ಹೂವಿಗೆ ಐದು ಎಸಳು, ಮಧ್ಯೆ ಹಳದಿ ಕೇಸರದ ಗುಂಪು, ಅಗಲ 3ರಿಂದ 4.5 ಸೆಂ.ಮೀ. ಸುತ್ತ ಎಲ್ಲವೂ ಬೂದು ಬಣ್ಣದಲ್ಲಿ ಮಲಗಿರುವಾಗ ಇದೊಂದೇ ಗಿಡ ಉರಿಯುತ್ತಿರುತ್ತದೆ. ಬೇರೆ ಹೂವು ಸಿಗದ ಆ ಹೊತ್ತಿನಲ್ಲಿ ಜೇನುಹುಳುಗಳು ಇದಕ್ಕೇ ಮುತ್ತುತ್ತವೆ. ಮೊದಲ ಸಲ ನೋಡಿದ ದಿನ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತಿದ್ದೆ.

ಇಷ್ಟಕ್ಕೇ ಮರುಳಾಗಿ ಬಹಳ ಜನ ಕೊಳ್ಳುತ್ತಾರೆ. ನಾನೂ ಹಾಗೇ ಕೊಂಡೆ. ಆದರೆ ಹೂವು ಇರುವುದು ಹೆಚ್ಚೆಂದರೆ ಮೂರು ನಾಲ್ಕು ವಾರ. ಉಳಿದ ವರ್ಷವೆಲ್ಲ ಇದು ಗೊಂದಲದ, ಮುಳ್ಳಿನ, ಹಸಿರು ಪೊದೆ. ಗಿಡ ತನ್ನ ಬೆಲೆ ತೋರಿಸುವುದು ಶರತ್ಕಾಲದಲ್ಲಿ, ಹಣ್ಣಿನಲ್ಲಿ. ಅದನ್ನು ಅಂಗಡಿಯವರು ಹೇಳುವುದೇ ಕಡಿಮೆ. ಲೇಬಲ್ ಮೇಲೆ ಹೂವಿನ ಫೋಟೋ ಇರುತ್ತದೆ, ಅಷ್ಟೇ.

ಲೇಬಲ್ ವಿಷಯ ಬಂತಲ್ಲ, ನನ್ನ ಒಂದು ದೂರು ಇಲ್ಲೇ ಹೇಳಿಬಿಡುತ್ತೇನೆ. ಆನ್‌ಲೈನ್ ನರ್ಸರಿಯೊಂದರಿಂದ 'ಕ್ಯಾಮಿಯೋ' ತಳಿ ತರಿಸಿದ್ದೆ. ಪೀಚ್ ಬಣ್ಣದ, ಸುತ್ತುಸುತ್ತಾದ ಎಸಳಿನ ಹೂವು, ಮುಳ್ಳು ಬಹಳ ಕಡಿಮೆ. ಬಂದ ಗಿಡಕ್ಕೆ ಆಗ ಎಲೆ ಮಾತ್ರ ಇತ್ತು. ಒಂದು ವರ್ಷ ನೀರು ಹಾಕಿ ಕಾದೆ. ಮುಳ್ಳು ಜಾಸ್ತಿ ಇದೆಯಲ್ಲ ಅಂತ ಅನುಮಾನ ಬಂದಿತ್ತು, ಆದರೂ ಕಾದೆ. ಮರುವರ್ಷ ಅರಳಿದ್ದು ಒಂದೇ ಸುತ್ತು ಎಸಳಿರುವ ಕಡುಗೆಂಪು ಹೂವು. ಫೋಟೋ ಕಳಿಸಿದೆ. ಅವರು ತಕರಾರು ಮಾಡದೆ ಬೇರೆ ಗಿಡ ಕಳಿಸಿದರು, ಅದಕ್ಕೆ ಮೆಚ್ಚುಗೆ ಇದೆ. ಆದರೆ ಹೋದ ವರ್ಷ ವಾಪಸ್ ಬರುವುದಿಲ್ಲ ಅಲ್ವಾ? ಇನ್ನೊಂದು, ಆ ಗಿಡದ ಬೇರು ಕುಂಡದೊಳಗೆ ಸುತ್ತಿ ಸುತ್ತಿ ಹಗ್ಗದ ಹಾಗಾಗಿತ್ತು. ಕುಂಡದಲ್ಲಿ ಜಾಸ್ತಿ ದಿನ ಇಟ್ಟ ಗಿಡ ಅದು. ಆದ್ದರಿಂದ ಕೊಳ್ಳುವಾಗ ಗಿಡವನ್ನು ಕುಂಡದಿಂದ ಸ್ವಲ್ಪ ಎತ್ತಿ ಬೇರು ನೋಡಿ. ತರಿಸಿಕೊಂಡಿದ್ದರೆ, ನೆಡುವ ಮೊದಲು ಸುತ್ತಿದ ಬೇರನ್ನು ಬೆರಳಿಂದ ಬಿಡಿಸಿ, ಬಿಡದಿದ್ದರೆ ಚಾಕುವಿನಿಂದ ಮೂರು ನಾಲ್ಕು ಕಡೆ ಉದ್ದಕ್ಕೆ ಸೀಳಿ.

ಹೆಸರಿನ ಗೊಂದಲ ಈ ಗಿಡಕ್ಕೆ ಹೊಸದೇನಲ್ಲ. 1784ರಲ್ಲಿ ಥನ್‌ಬರ್ಗ್ ಎಂಬ ಸಸ್ಯವಿಜ್ಞಾನಿ ಜಪಾನಿನ ಗಿಡವೊಂದಕ್ಕೆ 'ಪೈರಸ್ ಜಪೋನಿಕಾ' ಅಂತ ಹೆಸರಿಟ್ಟರು. 1796ರಲ್ಲಿ ಜೋಸೆಫ್ ಬ್ಯಾಂಕ್ಸ್ ಎಂಬ ಸಸ್ಯವಿಜ್ಞಾನಿಯ ಮೂಲಕ ಇಂಗ್ಲೆಂಡಿನ ಕ್ಯೂ ಉದ್ಯಾನಕ್ಕೆ ಬಂದದ್ದು ಚೀನಾದ ಗಿಡ. ಎರಡೂ ಒಂದೇ ಅಂದುಕೊಂಡು ಚೀನಾದ ಗಿಡವನ್ನೂ ಜಪೋನಿಕಾ ಅಂತಲೇ ಕರೆದರು. ಜಪಾನಿನ ನಿಜವಾದ ಗಿಡ ಬ್ರಿಸ್ಟಲ್‌ನ ಮಾಲ್ ನರ್ಸರಿಯವರಿಂದ ಇಂಗ್ಲೆಂಡಿಗೆ ಬಂದದ್ದು 1869ರ ಸುಮಾರಿಗೆ. ಅಷ್ಟರಲ್ಲಿ ಹೆಸರು ಊರಿಬಿಟ್ಟಿತ್ತು. ಇವತ್ತಿಗೂ ಹಳೇ ತೋಟಗಾರರು ಯಾವ ಫ್ಲವರಿಂಗ್ ಕ್ವಿನ್ಸನ್ನೂ 'ಜಪೋನಿಕಾ' ಎಂದೇ ಕರೆಯುತ್ತಾರೆ. ಈಗಿನ ಲೆಕ್ಕದಲ್ಲಿ ಕುಲದ ಹೆಸರು ಕೀನೊಮಿಲೀಸ್. ಅದರಲ್ಲಿ ಜಪೋನಿಕಾ ಅಂದರೆ ಸುಮಾರು ಒಂದು ಮೀಟರ್ ಎತ್ತರದ, ಹರಡಿಕೊಂಡು ಬೆಳೆಯುವ ಗಿಡ. ಸ್ಪೀಶಿಯೋಸಾ ಅಂದರೆ ಎರಡು ಮೂರು ಮೀಟರ್ ಏರುವ ಚೀನಾದ ಗಿಡ. ಈ ಎರಡರ ಮಿಶ್ರತಳಿ ಸುಪರ್ಬಾ. ಕ್ಯಾಥೆಯೆನ್ಸಿಸ್ ಅಂತ ಇನ್ನೊಂದಿದೆ, ಅದರ ಹಣ್ಣು 10ರಿಂದ 15 ಸೆಂ.ಮೀ. ಉದ್ದ ಬರುತ್ತದೆ, ಮುಳ್ಳೂ ಅಷ್ಟೇ ಭಯಂಕರ. ಸುಮ್ನೆ 'ಕ್ವಿನ್ಸ್' ಅಂತ ಮಾತ್ರ ಬರೆದಿದ್ದರೆ ಇನ್ನೂ ಹುಷಾರಾಗಿರಿ. ಹಣ್ಣಿಗಾಗಿಯೇ ಬೆಳೆಸುವ ಕ್ವಿನ್ಸ್ ಮರ, ಸೈಡೋನಿಯಾ ಅಂತಾರಲ್ಲ, ಅದು ಬೇರೆ. ಅದಕ್ಕೆ ಮುಳ್ಳಿಲ್ಲ, ಎಲೆಯ ಹಿಂಬದಿ ಮೆತ್ತನೆಯ ನವಿರು ಇರುತ್ತದೆ, ಹೂವು ಎಲೆ ಬಂದ ಮೇಲೆ ಬಿಡುತ್ತದೆ.

ಇನ್ನು ನಾನು ಬೆಳೆಸಿದ ತಳಿಗಳು.

'ಕ್ರಿಮ್ಸನ್ ಆ್ಯಂಡ್ ಗೋಲ್ಡ್'. ಸುಪರ್ಬಾ ಗುಂಪಿನದು. ಕಡುಗೆಂಪು ಎಸಳು, ಮಧ್ಯೆ ಚಿನ್ನದಂಥ ಕೇಸರ. ಎತ್ತರ ಒಂದು ಮೀಟರ್ ಆಸುಪಾಸು, ಆದರೆ ಪಕ್ಕಕ್ಕೆ ಹಬ್ಬುತ್ತಲೇ ಇರುತ್ತದೆ. ಬುಡದಿಂದ ಮರಿ ಏಳುತ್ತಲೇ ಇರುತ್ತವೆ. ಮುಳ್ಳು ಚುಚ್ಚಿದರೆ ಎರಡು ದಿನ ನೋಯುತ್ತದೆ. ನಾಲ್ಕರಲ್ಲಿ ನನಗೆ ಹೆಚ್ಚು ಹಣ್ಣು ಕೊಟ್ಟದ್ದು ಇದೇ. ಒಂದೇ ಒಂದು ಗಿಡ ಇಟ್ಟುಕೋ ಅಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ. ಐದಕ್ಕೆ ಐದು.

'ಕ್ಯಾಮಿಯೋ', ಅಂದರೆ ಎರಡನೇ ಸಲ ಬಂದ ನಿಜವಾದ ಕ್ಯಾಮಿಯೋ. ಇದರ ಬಣ್ಣವನ್ನು ಫೋಟೋ ಹಿಡಿಯುವುದಿಲ್ಲ. ಬೆಳಿಗ್ಗೆ ಪೀಚ್ ಹಾಗೆ ಕಂಡದ್ದು ಸಂಜೆ ಬೆಳಕಿನಲ್ಲಿ ಗುಲಾಬಿಯಾಗಿ ಕಾಣುತ್ತದೆ. ಮುಳ್ಳು ಇಲ್ಲವೆನ್ನುವಷ್ಟು ಕಡಿಮೆ, ಮಕ್ಕಳು ಓಡಾಡುವ ಕಡೆ ನೆಡಬಹುದು. ಹಣ್ಣು ಬಿಡುತ್ತದೆ, ಜಾಸ್ತಿ ಅಲ್ಲ. ಮಳೆ ಬಿದ್ದರೆ ಈ ಸುತ್ತುಹೂವು ನೀರು ಹಿಡಿದು ಕಂದಾಗುತ್ತವೆ, ಅದೊಂದು ಕೊರತೆ. ನಾಲ್ಕು ಅಂಕ.

'ಟೋಯೋ ನಿಶಿಕಿ'. ಒಂದೇ ಗಿಡದಲ್ಲಿ ಬಿಳಿ, ಗುಲಾಬಿ, ಕೆಂಪು ಹೂವು. ಕೆಲವೊಮ್ಮೆ ಒಂದೇ ಹೂವಿನಲ್ಲಿ ಅರ್ಧ ಬಿಳಿ, ಅರ್ಧ ಗುಲಾಬಿ. ನೋಡಿದವರೆಲ್ಲ ಎರಡು ಗಿಡಕ್ಕೆ ಕಸಿ ಕಟ್ಟಿದ್ದೀರಾ ಅಂತ ಕೇಳುತ್ತಾರೆ. ಕಸಿ ಅಲ್ಲ, ಆ ತಳಿಯ ಗುಣವೇ ಅದು. ನೆನಪಿಡಬೇಕಾದದ್ದು: ಪೂರ್ತಿ ಕೆಂಪು ಹೂ ಬಿಡುವ ಟೊಂಗೆಗಳು ಬಲವಾಗಿ ಬೆಳೆದು ಉಳಿದವನ್ನು ತುಳಿದುಬಿಡಬಹುದು. ಹೂವು ಇರುವಾಗಲೇ ಅಂಥ ಟೊಂಗೆಗೆ ದಾರ ಕಟ್ಟಿ ಗುರುತು ಮಾಡಿ, ಹೂವು ಮುಗಿದ ಮೇಲೆ ಬುಡಕ್ಕೇ ಕತ್ತರಿಸಿ. ಜಾಗ ಬೇಕು ಇದಕ್ಕೆ, ಎರಡು ಮೀಟರ್ ಸಲೀಸಾಗಿ ಏರುತ್ತದೆ. ನಾಲ್ಕೂವರೆ.

'ಸ್ಕಾರ್ಲೆಟ್ ಸ್ಟಾರ್ಮ್'. 'ಡಬಲ್ ಟೇಕ್' ಎಂಬ ಸಾಲಿನದು. ಅಮೆರಿಕದ ನಾರ್ತ್ ಕ್ಯಾರೊಲಿನಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಟಾಮ್ ರ‍್ಯಾನಿ ಅವರು ಬೆಳೆಸಿದ ತಳಿ. ಮುಳ್ಳಿಲ್ಲ, ಹಣ್ಣಿಲ್ಲ, ಹೂವು ಮಾತ್ರ ಅಂಗೈ ತುಂಬುವ ಹಾಗೆ ಕಾಣುತ್ತದೆ, ಕಮೀಲಿಯಾ ಹೂವಿನ ಹಾಗೆ ಎಸಳ ಮೇಲೆ ಎಸಳು. ಹೂವಿಗೆ ಅಂಕ ಕೊಡುವುದಾದರೆ ಇದಕ್ಕೇ ಮೊದಲ ಸ್ಥಾನ. ಹೂದಾನಿಯಲ್ಲಿ ಇದರ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ. ಆದರೆ ನನ್ನ ಮಟ್ಟಿಗೆ ಹಣ್ಣಿಲ್ಲದ ಕ್ವಿನ್ಸ್ ಅರ್ಧ ಗಿಡ. ಹಣ್ಣು ಬೇಡ, ಮುಳ್ಳು ಬೇಡ, ನೆಲಕ್ಕೆ ಬಿದ್ದದ್ದನ್ನು ಗುಡಿಸುವುದೂ ಬೇಡ ಅನ್ನುವವರಿಗೆ ಇದು ಸರಿಯಾದ ಆಯ್ಕೆ, ಕಣ್ಣುಮುಚ್ಚಿ ಕೊಳ್ಳಿ. ಹಣ್ಣು ಬೇಕಾದವರು ಇದನ್ನು ತಪ್ಪಿಯೂ ಒಂದೇ ಗಿಡವಾಗಿ ತರಬೇಡಿ.

ಎರಡು ಗಿಡ ಯಾಕೆ ಅಂದರೆ, ಈ ಗಿಡಗಳು ಬಹುಪಾಲು ತಮ್ಮದೇ ಪರಾಗದಿಂದ ಸರಿಯಾಗಿ ಕಾಯಿ ಕಟ್ಟುವುದಿಲ್ಲ. ಬೇರೆ ತಳಿಯ ಪರಾಗ ಬೇಕು. ಒಂದೇ ಗಿಡದಿಂದ ಮಾಡಿದ ಎರಡು ಕಟಿಂಗ್, ಅಂದರೆ ಕತ್ತರಿಸಿದ ಕಡ್ಡಿ, ನೆಟ್ಟರೆ ಪ್ರಯೋಜನ ಇಲ್ಲ, ಅವೆರಡೂ ಒಂದೇ ಗಿಡ ಇದ್ದ ಹಾಗೆ. ಮೊದಲ ಎರಡು ವರ್ಷ ನನ್ನಲ್ಲಿ 'ಕ್ರಿಮ್ಸನ್ ಆ್ಯಂಡ್ ಗೋಲ್ಡ್' ಒಂದೇ ಇತ್ತು. ಎರಡನೇ ವರ್ಷ ಹೂವು ತುಂಬಿ ತುಳುಕಿದರೂ ಕಾಯಿ ಸಿಕ್ಕಿದ್ದು ನಾಲ್ಕು. 'ಟೋಯೋ ನಿಶಿಕಿ' ಬಂದು ಹೂ ಬಿಡಲು ಶುರು ಮಾಡಿದ ವರ್ಷ ಒಂದು ಬುಟ್ಟಿ.

ಜಾಗದ ಬಗ್ಗೆ ಹೇಳುವುದಾದರೆ, ಬಿಸಿಲು ಬೇಕು. ಅರ್ಧ ನೆರಳಿನಲ್ಲಿ ಗಿಡ ಸಾಯುವುದಿಲ್ಲ, ಹೂವು ಮಾತ್ರ ಕಡಿಮೆಯಾಗುತ್ತದೆ. ಮಣ್ಣು ಜೇಡಿಯಾದರೂ ಮರಳಾದರೂ ನಡೆಯುತ್ತದೆ, ನೀರು ನಿಲ್ಲಬಾರದು ಅಷ್ಟೇ. ಚಳಿಗೆ ಇದು ಹೆದರುವ ಗಿಡ ಅಲ್ಲ, ಮೈನಸ್ 25 ಡಿಗ್ರಿಯನ್ನೂ ತಡೆಯುತ್ತದೆ. ಹೆದರಬೇಕಾದದ್ದು ಚಳಿಯೇ ಇಲ್ಲದ ಕಡೆ. ಮೊಗ್ಗು ಎಚ್ಚರಗೊಳ್ಳಲು ಚಳಿಗಾಲದ ತಂಪು ಬೇಕು. ವರ್ಷವಿಡೀ ಬೆಚ್ಚಗಿರುವ ಜಾಗದಲ್ಲಿ ಎಲೆ ಚೆನ್ನಾಗಿ ಬರುತ್ತದೆ, ಹೂವು ಅಲ್ಲೊಂದು ಇಲ್ಲೊಂದು. ಅಂಥ ಕಡೆ ಇರುವವರು ಇದಕ್ಕೆ ದುಡ್ಡು ಹಾಕುವ ಮೊದಲು ಎರಡು ಸಲ ಯೋಚಿಸಿ.

ಸುಣ್ಣದ ಅಂಶ ಜಾಸ್ತಿ ಇರುವ ಮಣ್ಣು ಇದಕ್ಕೆ ಆಗುವುದಿಲ್ಲ. ಇದನ್ನು ನಾನು 'ಕ್ರಿಮ್ಸನ್ ಆ್ಯಂಡ್ ಗೋಲ್ಡ್'ನಿಂದ ಕಲಿತೆ. ಸಿಮೆಂಟ್ ಗೋಡೆಯ ಬುಡದಲ್ಲಿ ನೆಟ್ಟಿದ್ದೆ. ಮೂರನೇ ಬೇಸಿಗೆಯಲ್ಲಿ ಎಳೆ ಎಲೆಗಳು ಹಳದಿಯಾದವು, ನರ ಮಾತ್ರ ಹಸಿರು. ಗೊಬ್ಬರ ಸಾಲದು ಅಂತ ಇನ್ನೂ ಹಾಕಿದೆ, ಏನೂ ಆಗಲಿಲ್ಲ. ಅದು ಕಬ್ಬಿಣದ ಕೊರತೆ. ಸುಣ್ಣದಿಂದ ಮಣ್ಣು ಕ್ಷಾರವಾದರೆ ಕಬ್ಬಿಣ ಮಣ್ಣಿನಲ್ಲಿದ್ದರೂ ಬೇರಿಗೆ ಸಿಗುವುದಿಲ್ಲ. ಐರನ್ ಕೀಲೇಟ್, ಅಂದರೆ ಬೇರು ಹೀರಿಕೊಳ್ಳಬಲ್ಲ ರೂಪದ ಕಬ್ಬಿಣ, ಕೊಟ್ಟಾಗ ಒಂದು ತಿಂಗಳು ಹಸಿರಾಗಿ ಮತ್ತೆ ಹಳದಿ ಆಯಿತು. ಕೊನೆಗೆ ಎಲೆ ಉದುರಿದ ಮೇಲೆ ಗಿಡವನ್ನೇ ಅಗೆದು ತೋಟದ ಇನ್ನೊಂದು ಮೂಲೆಗೆ ಸಾಗಿಸಿದೆ. ಅಗೆಯುವುದು ಸುಲಭ ಇರಲಿಲ್ಲ, ಬೇರು ದಪ್ಪ, ಆಳ, ಎಷ್ಟೋ ಬೇರು ಕಿತ್ತುಹೋಗಿ ಗುಂಡಿಯಲ್ಲೇ ಉಳಿದವು. ಹೊಸ ಜಾಗದಲ್ಲಿ ಒಂದು ವರ್ಷ ಮುನಿಸಿಕೊಂಡಿದ್ದು ಆಮೇಲೆ ಚಿಗುರಿತು.

ನಿಜವಾದ ವಿಷಯ ಹಳೇ ಗುಂಡಿಯಲ್ಲಿ ನಡೆಯಿತು. ಮುಂದಿನ ಬೇಸಿಗೆಗೆ ಆ ಖಾಲಿ ಜಾಗದಲ್ಲಿ ಮೂರು ಚಿಗುರು ಎದ್ದವು. ಕಳೆ ಅಂದುಕೊಂಡು ಕೀಳಲು ಹೋದೆ, ಎಲೆ ನೋಡಿದರೆ ಕ್ವಿನ್ಸ್. ಮಣ್ಣಲ್ಲಿ ಉಳಿದ ಬೇರಿನ ತುಂಡುಗಳೇ ಗಿಡವಾಗಿದ್ದವು. ಈ ಗಿಡವನ್ನು ಒಂದು ಜಾಗದಿಂದ ಪೂರ್ತಿ ತೆಗೆಯುವುದು ಯಾಕೆ ಕಷ್ಟ ಅಂತಲೂ, ಹೊಸ ಗಿಡ ಮಾಡುವುದು ಯಾಕೆ ಸುಲಭ ಅಂತಲೂ ಅವತ್ತೇ ಅರ್ಥವಾಯಿತು. ಅಲ್ಲಿಂದ ನಾನು ಕ್ವಿನ್ಸ್ ಗಿಡ ಕೊಳ್ಳುವುದನ್ನು ನಿಲ್ಲಿಸಿದೆ.

ಬೇರಿನಿಂದ ಬೇಕೆಂದೇ ಗಿಡ ಮಾಡುವುದಾದರೆ ಹೀಗೆ. ಗಿಡ ಮಲಗಿರುವ ಚಳಿಗಾಲದಲ್ಲಿ ಬುಡದ ಒಂದು ಪಕ್ಕ ಅಗೆದು, ಪೆನ್ಸಿಲ್ ದಪ್ಪದ ಬೇರನ್ನು 7, 8 ಸೆಂ.ಮೀ. ತುಂಡು ಮಾಡಿ. ಗಿಡದ ಬುಡಕ್ಕೆ ಹತ್ತಿರವಿದ್ದ ತುದಿ ಮೇಲೆ ಬರಬೇಕು, ಅದಕ್ಕೆ ನೇರ ಕತ್ತರಿಸಿ, ಕೆಳತುದಿಯನ್ನು ಓರೆಯಾಗಿ ಕತ್ತರಿಸಿ, ಆಗ ತಲೆಕೆಳಗಾಗುವುದಿಲ್ಲ. ಮರಳು ಬೆರೆಸಿದ ಮಣ್ಣಿನಲ್ಲಿ ನೆಟ್ಟಗೆ ಹೂತು ತೆಳುವಾಗಿ ಮಣ್ಣು ಮುಚ್ಚಿ, ತೇವ ಆರದಂತೆ ನೋಡಿಕೊಳ್ಳಿ. ಬುಡದ ಮರಿಗಳಂತೂ ಇನ್ನೂ ಸುಲಭ. ಸ್ವಲ್ಪ ಬೇರಿರುವ ಮರಿಯನ್ನು ಗುದ್ದಲಿಯಿಂದ ಕಡಿದು ಬೇರೆ ಕಡೆ ನೆಟ್ಟರೆ ಆಯಿತು. ಒಂದು ಎಚ್ಚರ ಬೇಕು: ನಿಮ್ಮ ಗಿಡ ಕಸಿ ಗಿಡವಾಗಿದ್ದರೆ ಬೇರು, ಮರಿ ಎರಡೂ ಕೆಳಗಿನ ಬೇರುಗಿಡದವು, ನೀವು ಬಯಸಿದ ತಳಿ ಅಲ್ಲ. ಕಾಂಡದ ಬುಡದಲ್ಲಿ ಗಂಟಿನ ಹಾಗೆ ಉಬ್ಬಿದ್ದರೆ ಕಸಿ ಅಂತ ಅನುಮಾನಿಸಿ. ಕೊಳ್ಳುವಾಗಲೇ "ಸ್ವಂತ ಬೇರಿನ ಗಿಡವಾ?" ಅಂತ ಕೇಳಿ.

ಕಟಿಂಗ್ ಬಗ್ಗೆ ಬಹಳ ಜನ ಕೇಳುತ್ತಾರೆ. ನಾನು ಮೊದಲ ಸಲ ಚಳಿಗಾಲದಲ್ಲಿ ಬಲಿತ ಟೊಂಗೆ ಕತ್ತರಿಸಿ ಹತ್ತು ಕಡ್ಡಿ ನೆಟ್ಟೆ. ಅದರಲ್ಲೇ ಹೂವೂ ಅರಳಿತು. ಬೇರು ಬಂದೇ ಬಂತು ಅಂತ ಖುಷಿಪಟ್ಟೆ. ಒಂದಕ್ಕೂ ಬೇರು ಬಂದಿರಲಿಲ್ಲ. ಕಡ್ಡಿಯೊಳಗೆ ಕೂಡಿಟ್ಟಿದ್ದ ಶಕ್ತಿಯಲ್ಲಿ ಹೂವು ಅರಳಿ, ಆಮೇಲೆ ಒಣಗಿದವು. ಈ ಗಿಡಕ್ಕೆ ಬಲಿತ ಕಡ್ಡಿ ಒಳ್ಳೆಯದಲ್ಲ. ಬೇಸಿಗೆಯಲ್ಲಿ, ಆ ವರ್ಷದ ಚಿಗುರು ಬುಡದಲ್ಲಿ ಸ್ವಲ್ಪ ಗಟ್ಟಿಯಾಗಿ ತುದಿ ಇನ್ನೂ ಮೆತ್ತಗಿರುವಾಗ ತೆಗೆಯಬೇಕು. 10ರಿಂದ 12 ಸೆಂ.ಮೀ. ಸಾಕು. ಕತ್ತರಿಯಿಂದ ಕತ್ತರಿಸುವುದಕ್ಕಿಂತ ಪಕ್ಕದ ಚಿಗುರನ್ನು ಕೆಳಕ್ಕೆ ಎಳೆದು, ಹಳೇ ತೊಗಟೆಯ ಒಂದು ಚೂರು ಹಿಮ್ಮಡಿಯ ಹಾಗೆ ಅಂಟಿಕೊಂಡು ಬರುವಂತೆ ಕಿತ್ತರೆ ಚೆನ್ನಾಗಿ ಬೇರು ಬಿಡುತ್ತದೆ. ಕೆಳಗಿನ ಎಲೆ ತೆಗೆದು, ಬುಡವನ್ನು ಬೇರು ಬರಿಸುವ ರೂಟಿಂಗ್ ಪುಡಿಯಲ್ಲಿ ಅದ್ದಿ, ಅರ್ಧ ಕೋಕೋಪೀಟ್ ಅರ್ಧ ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಬೆರೆಸಿದ ಕುಂಡದಲ್ಲಿ ನೆಟ್ಟು, ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚಿ ನೆರಳಿನಲ್ಲಿಡಿ. ಎಲೆಗೆ ಚೀಲ ತಾಗದಿರಲಿ, ತಾಗಿದ ಕಡೆ ಕೊಳೆಯುತ್ತದೆ. ಹೀಗೆ ಮಾಡಿದಾಗ ನನ್ನ ಹನ್ನೆರಡರಲ್ಲಿ ಐದು ಬದುಕಿದವು. ಮರುವರ್ಷ ಹನ್ನೆರಡರಲ್ಲಿ ಎಂಟು. ಬೇರು ಬರಲು ಎರಡು ತಿಂಗಳಾದರೂ ಬೇಕು. ನಡುವೆ ಎಳೆದು ನೋಡುವ ಆಸೆ ಬರುತ್ತದೆ, ಬೇಡ. ಮೊದಲ ಚಳಿಗಾಲ ಕುಂಡದಲ್ಲೇ ಕಳೆಯಲಿ.

ಸೋಲೇ ಬೇಡ ಅನ್ನುವವರಿಗೆ ಲೇಯರಿಂಗ್. ಕೆಳಗಿನ ಬಾಗುವ ಟೊಂಗೆಯೊಂದನ್ನು ನೆಲಕ್ಕೆ ಬಗ್ಗಿಸಿ, ಮಣ್ಣು ಮುಟ್ಟುವ ಕಡೆ ಅಡಿಭಾಗದಲ್ಲಿ ತೊಗಟೆ ಸ್ವಲ್ಪ ಕೆತ್ತಿ, ಕವಲುಕಡ್ಡಿಯಿಂದ ಊರಿ, ಟೊಂಗೆಯ ಒಂದು ಗೇಣಿನಷ್ಟು ಉದ್ದವನ್ನು ಮಣ್ಣಲ್ಲಿ ಮುಚ್ಚಿ, ಮೇಲೊಂದು ಇಟ್ಟಿಗೆ ಇಡಿ. ತುದಿ ಹೊರಗೆ ಇರಲಿ. ತಾಯಿಗಿಡ ಊಟ ಕೊಡುತ್ತಲೇ ಇರುತ್ತದೆ, ಆದ್ದರಿಂದ ಒಣಗುವ ಭಯ ಇಲ್ಲ. ಒಂದು ವರ್ಷ ಮರೆತುಬಿಡಿ. ಆಮೇಲೆ ಕತ್ತರಿಸಿ ಎತ್ತಿದರೆ ಬೇರಿನ ಗೊಂಚಲು ಸಮೇತ ಬರುತ್ತದೆ. ನಾನು ಮಾಡಿದ ಆರಕ್ಕೆ ಆರೂ ಬಂದಿವೆ.

ಬೀಜವನ್ನೂ ಹಾಕಿ ನೋಡಿದ್ದೇನೆ. ಹಣ್ಣಿನ ಬೀಜವನ್ನು ತೊಳೆದು, ಒದ್ದೆ ಮರಳಿನೊಂದಿಗೆ ಡಬ್ಬಿಯಲ್ಲಿ ಹಾಕಿ ಎರಡು ಮೂರು ತಿಂಗಳು ಫ್ರಿಜ್‌ನಲ್ಲಿ ಇಟ್ಟರೆ ಮೊಳಕೆ ಚೆನ್ನಾಗಿ ಬರುತ್ತದೆ. ಆದರೆ ತಾಯಿಯ ಹಾಗೆ ಇರುವುದಿಲ್ಲ, ಹೂವಿಗೆ ಮೂರು ನಾಲ್ಕು ವರ್ಷ ಅಥವಾ ಇನ್ನೂ ಜಾಸ್ತಿ ಕಾಯಬೇಕು. ಬೇಲಿಗೆ ಬೇಕಾದಷ್ಟು ಗಿಡ ಬೇಕು ಅನ್ನುವವರು ಬೀಜ ಹಾಕಿ, ಮುಳ್ಳುಬೇಲಿಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಇನ್ನೊಂದು ಮಾತು, 'ಡಬಲ್ ಟೇಕ್' ಥರದ ಹೊಸ ತಳಿಗಳಿಗೆ ಪೇಟೆಂಟ್ ಇರುತ್ತದೆ. ಲೇಬಲ್ ಮೇಲೆ ಹಾಗೆ ಬರೆದಿದ್ದರೆ ಅವಧಿ ಮುಗಿಯುವವರೆಗೆ ಅದರಿಂದ ಗಿಡ ಮಾಡಬೇಡಿ. ಹಳೇ ತಳಿಗಳಿಗೆ ಆ ಕಟ್ಟು ಇಲ್ಲ.

ಸವರುವುದು. ಇಲ್ಲೇ ನಾನು ಒಂದು ವರ್ಷ ಕಳೆದುಕೊಂಡದ್ದು. ಶರತ್ಕಾಲದಲ್ಲಿ ತೋಟ ಶುಚಿ ಮಾಡುವಾಗ 'ಟೋಯೋ ನಿಶಿಕಿ'ಯನ್ನೂ ಚೆಂಡಿನ ಹಾಗೆ ಟ್ರಿಮ್ ಮಾಡಿದೆ. ಹೂವಿನ ಮೊಗ್ಗು ಹಿಂದಿನ ವರ್ಷದ ಟೊಂಗೆಯಲ್ಲೇ ಕೂತಿರುತ್ತದೆ. ಅವೆಲ್ಲ ಕಸದ ಬುಟ್ಟಿಗೆ ಹೋದವು. ಹೂವು ಉದುರಿದ ತಕ್ಷಣವೇ ಸವರಬೇಕು, ಆಗ ಹೊಸ ಚಿಗುರಿಗೆ ಇಡೀ ಬೇಸಿಗೆ ಸಿಗುತ್ತದೆ. ಆದರೆ ಹೂ ಬಿಟ್ಟ ಟೊಂಗೆಯೆಲ್ಲ ಕತ್ತರಿಸಿದರೆ ಆ ವರ್ಷ ಹಣ್ಣಿಲ್ಲ, ಅದನ್ನೂ ಲೆಕ್ಕ ಇಟ್ಟುಕೊಳ್ಳಿ. ನಾನೀಗ ಬುಡದಿಂದ ಮೂರನೇ ಒಂದು ಭಾಗ ಹಳೇ ಕಾಂಡ ಮಾತ್ರ ತೆಗೆಯುತ್ತೇನೆ, ಮೂರು ವರ್ಷಕ್ಕೆ ಗಿಡ ಪೂರ್ತಿ ಹೊಸದಾಗುತ್ತದೆ. ಗೋಡೆಗೆ ಹಬ್ಬಿಸುವವರು ಪಕ್ಕದ ಚಿಗುರನ್ನು ಎರಡು ಮೂರು ಎಲೆಗೆ ಮೊಟಕು ಮಾಡುತ್ತಾ ಬಂದರೆ ಗಿಡ್ಡ ಕವಲಿನ ಮೇಲೆ ಹೂವು ಗೊಂಚಲಾಗಿ ಬರುತ್ತದೆ. ದಪ್ಪ ಚರ್ಮದ ಕೈಗವಸು ಇಲ್ಲದೆ ಮುಟ್ಟಬೇಡಿ.

ರೋಗದ ಮಾತು ಬೇಗ ಮುಗಿಸುತ್ತೇನೆ. ಮಳೆ ಜಾಸ್ತಿಯಾದ ವರ್ಷ ಎಲೆಚುಕ್ಕೆ ಬಂದು ಬೇಸಿಗೆ ಮಧ್ಯದಲ್ಲೇ ಎಲೆ ಉದುರುತ್ತದೆ. ಗಿಡ ಸತ್ತೇ ಹೋಯಿತು ಅನಿಸುತ್ತದೆ, ಸಾಯುವುದಿಲ್ಲ. ಬಿದ್ದ ಎಲೆ ಗುಡಿಸಿ ತೆಗೆಯಿರಿ, ನೀರನ್ನು ಎಲೆಯ ಮೇಲೆ ಹಾಕದೆ ಬುಡಕ್ಕೆ ಹಾಕಿ. ಎಳೆ ಚಿಗುರಿಗೆ ಗಿಡಹೇನು ಬಂದರೆ ನೀರಿನ ಪೈಪಿನಿಂದ ಜೋರಾಗಿ ಹೊಡೆದರೆ ಸಾಕು. ಗಂಭೀರವಾದದ್ದು ಫೈರ್ ಬ್ಲೈಟ್. ಸೇಬು, ಮರಸೇಬಿಗೆ ಬರುವ ಅದೇ ಬ್ಯಾಕ್ಟೀರಿಯಾ ರೋಗ. ಚಿಗುರಿನ ತುದಿ ಸುಟ್ಟ ಹಾಗೆ ಕಪ್ಪಾಗಿ ಕೊಕ್ಕೆಯಂತೆ ಬಾಗುತ್ತದೆ. ಕಂಡ ಕೂಡಲೇ ಕಪ್ಪಾದ ಜಾಗದಿಂದ 30 ಸೆಂ.ಮೀ. ಕೆಳಕ್ಕೆ ಕತ್ತರಿಸಿ, ಪ್ರತಿ ಕಡಿತಕ್ಕೂ ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿ. ಪಕ್ಕದಲ್ಲಿ ಸೇಬಿನ ಮರ ಇದ್ದವರು ಇದನ್ನು ಯೋಚಿಸಿಯೇ ನೆಡಬೇಕು. ಯೂರಿಯಾ ಥರದ ಗೊಬ್ಬರ ಸುರಿಯಬೇಡಿ, ಮೆತ್ತನೆಯ ಚಿಗುರು ಜಾಸ್ತಿಯಾದರೆ ರೋಗವೂ ಜಾಸ್ತಿ.

ಈಗ ಹಣ್ಣು. ನನಗೆ ಇಷ್ಟವಾದ ಭಾಗ.

ಕಾಯಿ ಶರತ್ಕಾಲದಲ್ಲಿ ಹಳದಿಯಾಗುತ್ತದೆ. 4ರಿಂದ 6 ಸೆಂ.ಮೀ., ನೋಡಲು ಪುಟ್ಟ ಸೇಬಿನ ಹಾಗೆ, ಆದರೆ ಆಕಾರ ಒಂದರ ಹಾಗೆ ಇನ್ನೊಂದಿಲ್ಲ, ಸಿಪ್ಪೆಗೆ ಮೇಣ ಹಚ್ಚಿದ ಜಿಡ್ಡು. ಕಚ್ಚಲು ಹೋಗಬೇಡಿ. ಕಲ್ಲಿನಷ್ಟು ಗಟ್ಟಿ, ನಿಂಬೆಯಷ್ಟು ಹುಳಿ, ಮೇಲೆ ಬಾಯಿ ಹಿಡಿದುಕೊಳ್ಳುವಷ್ಟು ಒಗರು. ಆದರೆ ವಾಸನೆ! ಐದು ಹಣ್ಣನ್ನು ಒಂದು ಬಟ್ಟಲಲ್ಲಿ ಮೇಜಿನ ಮೇಲೆ ಇಟ್ಟರೆ ಮೂರನೇ ದಿನಕ್ಕೆ ಕೋಣೆ ತುಂಬ ಅನಾನಸು, ನಿಂಬೆ, ಗುಲಾಬಿ ಮೂರೂ ಬೆರೆತ ಪರಿಮಳ. ತಂಪಾದ ಕಡೆ ಇಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಯುರೋಪಿನ ಲಾಟ್ವಿಯಾ ದೇಶದಲ್ಲಿ ಜಪೋನಿಕಾವನ್ನು ಹಣ್ಣಿನ ಬೆಳೆಯಾಗಿಯೇ ತೋಟ ಮಾಡಿ ಬೆಳೆಯುತ್ತಾರೆ. ನಿಂಬೆ ಬೆಳೆಯದ ಚಳಿಯ ನಾಡಿಗೆ ಇದೇ ನಿಂಬೆ, ವಿಟಮಿನ್ ಸಿ ಅಷ್ಟು ಚೆನ್ನಾಗಿದೆ. ಚೀನಾದಲ್ಲಿ ಸ್ಪೀಶಿಯೋಸಾ ಹಣ್ಣನ್ನು ಒಣಗಿಸಿ 'ಮುಗುವಾ' ಅಂತ ಔಷಧಿಗೆ ಬಳಸುತ್ತಾರೆ.

ಲಾಟ್ವಿಯಾದವರು ಮಾಡುವ ಸಿರಪ್‌ಗೆ ಒಲೆಯೇ ಬೇಡ. ಹಣ್ಣನ್ನು ತೊಳೆದು, ನಾಲ್ಕು ಭಾಗ ಮಾಡಿ, ಬೀಜದ ಗೂಡು ಪೂರ್ತಿ ತೆಗೆಯಿರಿ. ಬೀಜದಲ್ಲಿ ಸೇಬಿನ ಬೀಜದ ಹಾಗೆ ಸಯನೈಡ್ ಬಿಡುಗಡೆ ಮಾಡುವ ಅಂಶ ಇದೆ, ಅಗಿಯಬಾರದು, ರುಬ್ಬಬಾರದು. ಹಣ್ಣನ್ನು ತೆಳುವಾಗಿ ಹೆಚ್ಚಿ, ಹಣ್ಣಿನಷ್ಟೇ ತೂಕದ ಸಕ್ಕರೆಯೊಂದಿಗೆ ಪದರ ಪದರವಾಗಿ ಗಾಜಿನ ಜಾಡಿಗೆ ತುಂಬಿ ಫ್ರಿಜ್‌ನಲ್ಲಿ ಇಡಿ. ದಿನಕ್ಕೊಮ್ಮೆ ಜಾಡಿ ಅಲ್ಲಾಡಿಸಿ. ನಾಲ್ಕೈದು ದಿನದಲ್ಲಿ ಹೋಳು ರಸ ಬಿಟ್ಟು ಸಕ್ಕರೆ ಕರಗಿ ಹೊನ್ನಿನ ಬಣ್ಣದ ಸಿರಪ್ ಆಗುತ್ತದೆ. ಬಿಸಿ ನೀರಿಗೆ ಎರಡು ಚಮಚ ಹಾಕಿ ಕುಡಿಯಿರಿ. ಟೀಗೆ ನಿಂಬೆಯ ಬದಲು ಹಾಕಿ. ಕುದಿಸದೇ ಇರುವುದರಿಂದ ಪರಿಮಳ ಹಾಗೇ ಉಳಿಯುತ್ತದೆ. ಉಳಿದ ಹೋಳುಗಳು ಸಿಹಿ ಕುಡಿದು ಮೆತ್ತಗಾಗಿರುತ್ತವೆ, ಅವನ್ನು ಒಣಗಿಸಿದರೆ ಮಕ್ಕಳು ಮಿಠಾಯಿಯ ಹಾಗೆ ತಿನ್ನುತ್ತಾರೆ.

ಜೆಲ್ಲಿಗೆ ಇದಕ್ಕಿಂತ ಒಳ್ಳೆ ಹಣ್ಣು ನನಗೆ ಗೊತ್ತಿಲ್ಲ. ಜೆಲ್ಲಿಯನ್ನು ಗಟ್ಟಿಯಾಗಿಸುವ ಪೆಕ್ಟಿನ್ ಎಂಬ ಅಂಶ ಎಷ್ಟಿದೆ ಅಂದರೆ ಹೊರಗಿನಿಂದ ಏನೂ ಸೇರಿಸಬೇಕಿಲ್ಲ. ಹೆಚ್ಚಿದ ಹಣ್ಣು ಮುಳುಗುವಷ್ಟು ನೀರು ಹಾಕಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಯಿಸಿ, ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ನೇತುಹಾಕಿ. ಹಿಂಡಬೇಡಿ, ಹಿಂಡಿದರೆ ಜೆಲ್ಲಿ ಕದಡುತ್ತದೆ. ಇಳಿದ ರಸ ಒಂದು ಲೀಟರಿಗೆ 800 ಗ್ರಾಂ ಸಕ್ಕರೆ. ಕುದಿಯುತ್ತಾ ಹೋದ ಹಾಗೆ ಬಣ್ಣ ತಿಳಿಹಳದಿಯಿಂದ ಏಪ್ರಿಕಾಟ್, ಅಲ್ಲಿಂದ ಗುಲಾಬಿಗೆ ತಿರುಗುತ್ತದೆ. 105 ಡಿಗ್ರಿ ಮುಟ್ಟಿದಾಗ ಇಳಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ತಣ್ಣಗಿನ ತಟ್ಟೆಗೆ ಒಂದು ತೊಟ್ಟು ಹಾಕಿ ಬೆರಳಿಂದ ತಳ್ಳಿ, ಮೇಲೆ ಸುಕ್ಕು ಬಂದರೆ ಆಯಿತು. ಪೆಕ್ಟಿನ್ ಕಡಿಮೆ ಇರುವ ಸ್ಟ್ರಾಬೆರಿ ಜಾಮ್‌ಗೆ ಇದರ ರಸ ಒಂದು ಲೋಟ ಹಾಕುತ್ತೇನೆ, ಗಟ್ಟಿಯಾಗುತ್ತದೆ, ಹುಳಿಯೂ ಹದವಾಗುತ್ತದೆ.

ಹೂವನ್ನು ಮನೆಯೊಳಗೆ ತರುವ ಆಸೆ ಇದ್ದರೆ ಗಿಡ ಅರಳುವವರೆಗೆ ಕಾಯಬೇಕಿಲ್ಲ. ಚಳಿಗಾಲದ ಕೊನೆಯಲ್ಲಿ ಮೊಗ್ಗು ಉಬ್ಬಿದಾಗ ಟೊಂಗೆ ಕತ್ತರಿಸಿ, ಬುಡ ಸೀಳಿ, ಉಗುರುಬೆಚ್ಚಗಿನ ನೀರಲ್ಲಿಟ್ಟು ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸಿದರೆ ಒಂದೆರಡು ವಾರದಲ್ಲಿ ಅರಳುತ್ತವೆ. ಒಳಗೆ ಬೆಳಕು ಕಡಿಮೆ ಇರುವುದರಿಂದ ಬಣ್ಣ ತಿಳಿಯಾಗುತ್ತದೆ, ಕೆಂಪು ಹೂವು ಗುಲಾಬಿಯಾಗಿ ಅರಳಿದರೆ ಆಶ್ಚರ್ಯಪಡಬೇಡಿ. ಜಾಗ ಇಲ್ಲದವರಿಗೆ 'ಚೋಜುಬಾಯ್' ಎಂಬ ಗಿಡ್ಡ ತಳಿ ಇದೆ, ಬೋನ್ಸಾಯ್ ಮಾಡುವವರಿಗೆ ಬಹಳ ಪ್ರೀತಿಯದು, ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಹೂ ಬಿಡುತ್ತದೆ. ನನ್ನಲ್ಲಿ ಇನ್ನೂ ಇಲ್ಲ, ಇದ್ದವರ ಮನೆಯಲ್ಲಿ ನೋಡಿದ್ದೇನೆ.

ಒಟ್ಟಾರೆ ಈ ಗಿಡಕ್ಕೆ ಐದಕ್ಕೆ ನಾಲ್ಕೂವರೆ. ಅರ್ಧ ಅಂಕ ಕಡಿಮೆ ಮಾಡಿದ್ದು ಹಬ್ಬುವ ಬುಡಕ್ಕೆ. ವರ್ಷಕ್ಕೊಮ್ಮೆ ಮರಿ ಕಡಿಯುವ ಪುರಸೊತ್ತು ಇಲ್ಲದವರು ಇದನ್ನು ಚಿಕ್ಕ ತೋಟಕ್ಕೆ ತರಬೇಡಿ. ಮೊದಲ ವರ್ಷ ಕಡಿಮೆ ಹೂವು ನೋಡಿ ಬೇಸರಪಟ್ಟು ಕೆಟ್ಟ ರಿವ್ಯೂ ಬರೆದವರನ್ನೂ ಕಂಡಿದ್ದೇನೆ. ಮೂರನೇ ವರ್ಷದವರೆಗೆ ತಡೆಯಿರಿ, ಬೇರು ಊರಲು ಅಷ್ಟು ಸಮಯ ಬೇಕು.

ಈ ವರ್ಷ 'ಕ್ಯಾಮಿಯೋ'ದ ಎರಡು ಟೊಂಗೆ ಇಟ್ಟಿಗೆಯ ಕೆಳಗೆ ಮಲಗಿವೆ. ಒಂದು ಗೇಟಿನ ಪಕ್ಕಕ್ಕೆ. ಇನ್ನೊಂದನ್ನು ಪಕ್ಕದ ಮನೆಯ ಅಜ್ಜಿಗೆ ಕೊಡುತ್ತೇನೆ ಅಂತ ಮಾತು ಕೊಟ್ಟಿದ್ದೇನೆ, ಅವರು ಈಗಾಗಲೇ ಗುಂಡಿ ತೋಡಿಸಿ ಎಲೆಗೊಬ್ಬರ ತುಂಬಿಸಿದ್ದಾರೆ.